ಗಾಯಕಿಯ ಮಗಳು ತಾಲೀಮಿಗೆ ಬಂದ ಮಧ್ಯಾಹ್ನ

ತೀರಿಕೊಂಡ ಹೆಸರಾಂತ ಗಾಯಕಿಯೊಬ್ಬರ ಬದುಕಿನ ಮೇಲೆ ನಾವೊಂದು ಸಂಗೀತ ನಾಟಕ ಕಟ್ಟುತ್ತಿದ್ದೆವು. ಗಾಯಕಿಯ ಪಾತ್ರ ನನ್ನದು. ಕೊನೆಯ ತಾಲೀಮು ನೋಡಲು ಅವರ ಮಗಳು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊರಗೆ ಸುಡುಬಿಸಿಲು.

ಕೊನೆಯ ಹಾಡಿಗೆ ಉಸಿರೆಳೆದುಕೊಂಡಾಗ, ಐಸ್ ತುಂಡು ನುಂಗಿದ ಹಾಗೆ ಗಂಟಲು ತಣ್ಣಗಾಯಿತು. ಹಾಡು ಶುರುವಾಯಿತು, ಆದರೆ ದನಿ ನನ್ನದಲ್ಲ. ಗಾಬರಿಯಿಂದ ಬಾಯಿ ಮುಚ್ಚಿದೆ. ಹಾಡು ನಿಲ್ಲಲಿಲ್ಲ. ಹಾರ್ಮೋನಿಯಂನವರು ತಲೆದೂಗುತ್ತಾ ನುಡಿಸುತ್ತಲೇ ಇದ್ದರು. ಕೊನೆಗೆ ನಾಟಕದಲ್ಲಿಲ್ಲದ ಸಾಲೊಂದು ಬಂತು: "ಮಲಗೇ ನನ್ನ ಗುಬ್ಬಿಮೂತಿ."

ಮಗಳು ಎದ್ದು ನಿಂತರು. "ನಿಲ್ಸಿ! ಆ ಹೆಸರು ನಿಮ್ಗೆ ಯಾರು ಹೇಳಿದ್ರು? ನನ್ನನ್ನ ಹಾಗೆ ಕರೀತಿದ್ದಿದ್ದು ನಮ್ಮಮ್ಮ ಒಬ್ಳೇ!"

ಹಾಡು ಥಟ್ಟನೆ ನಿಂತಿತು.

"ನಾನು ಹಾಡ್ಲೇ ಇಲ್ಲ ಅಕ್ಕಾ," ಎಂದೆ.

ಅವರು ವೇದಿಕೆ ಹತ್ತಿ ಬಂದು ನನ್ನ ಗಂಟಲಿನ ಮೇಲೆ ಕೈಯಿಟ್ಟರು. ಮುಟ್ಟಿದ್ದೇ ತಡ, ಮುಖ ಬಿಳಿಚಿಕೊಂಡಿತು. "ಅಮ್ಮ ಇನ್ನೂ ಹಾಡ್ತಾ ಇದಾಳೆ..."

ನಾನೂ ಮುಟ್ಟಿ ನೋಡಿಕೊಂಡೆ. ಸಭಾಂಗಣದಲ್ಲಿ ಪಿಟ್ಟೆನ್ನುವ ಸದ್ದಿಲ್ಲ, ನನ್ನ ಬಾಯಿ ಬಿಗಿದಿತ್ತು. ಗಂಟಲು ಮಾತ್ರ ತಾಳ ತಪ್ಪದೆ ಅದುರುತ್ತಿತ್ತು.

ನಾಟಕ ಅಲ್ಲಿಗೇ ನಿಂತಿತು. ಆ ಮಗಳು ಈಗಲೂ ಆಗಾಗ ನಮ್ಮ ಮನೆಗೆ ಬಂದು, ನನ್ನ ಕತ್ತಿಗೆ ಕಿವಿಯಾನಿಸಿ, ಎಳೆಮಗುವಿನಂತೆ ನಿದ್ದೆ ಹೋಗುತ್ತಾರೆ.