ರುಚಿ ನೋಡದ ಹುಡುಗ

"ಉಪ್ಪು ಸರಿ ಉಂಟಾ, ಸ್ವಲ್ಪ ನೋಡಿ."

ವನೆಸ್ಸಾ ಚಮಚ ಮುಂದೆ ಹಿಡಿದಳು. ಜಿತೇಶ್ ಒಂದು ಹೆಜ್ಜೆ ಹಿಂದೆ ಸರಿದು, "ಬೇಡ" ಎಂದ. ಅಷ್ಟೇ!

ಮಣಿಪಾಲದ ಅಡುಗೆ ಕಾಲೇಜಿನಲ್ಲಿ ಅದು ಇಬ್ಬರಿಗೂ ಮೊದಲ ದಿನ. ಒಲೆಯ ಮೇಲಿದ್ದದ್ದು ಬರೀ ಟೊಮೇಟೊ ಸಾರು. ಮೀನಿಲ್ಲ, ಮಾಂಸವಿಲ್ಲ. ಹಾಗಾದರೆ ಬೇಡವಾದದ್ದು ಎಂತ? ಶಂಕರಪುರದ ಕ್ರೈಸ್ತರ ಹುಡುಗಿಯಾದ ತನ್ನ ಕೈ... ಅಲ್ವಾ?

ಅವನ ಕಣ್ಣು ಎಷ್ಟು ಚೆನ್ನಾಗಿದೆ ಎಂದು ಬೆಳಗ್ಗೆಯಷ್ಟೇ ಅಂದುಕೊಂಡಿದ್ದವಳಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಮರುದಿನವೇ ಸರ್ ಹತ್ತಿರ ಕೇಳಿಕೊಂಡು ಬೇರೆ ಬ್ಯಾಚಿಗೆ ಹೋದಳು.

ಮೂರು ವರ್ಷ ಎದುರು ಸಿಕ್ಕಾಗಲೆಲ್ಲ ಅವನು ನಗುತ್ತಿದ್ದ, ಇವಳು ಮುಖ ತಿರುಗಿಸುತ್ತಿದ್ದಳು. ಹಾಗೆಂದು ಮರೆತಿದ್ದಳೇ? ಮರೆತಿದ್ದರೆ, ಅವನು ಕ್ಯಾಂಟೀನಿಗೆ ಬಾರದ ದಿನ ಬಾಗಿಲ ಕಡೆ ಅಷ್ಟು ಸಲ ಯಾಕೆ ನೋಡುತ್ತಿದ್ದಳು!

ಕೊನೆಗೆ ಮುಂಬೈಯ ದೊಡ್ಡ ಹೋಟೆಲಿನಿಂದ ಶೆಫ್ ಕ್ಲಾರಾ ಹೊಸಬರನ್ನು ಆರಿಸಲು ಬಂದರು. ಇಬ್ಬರಿಗೂ ಪಕ್ಕಪಕ್ಕದ ಒಲೆ ಸಿಕ್ಕಿತು. ಈ ಕೆಲಸ ತಪ್ಪಿದರೆ ಜಿತೇಶ್ ತನ್ನೂರು ಹಿರಿಯಡ್ಕಕ್ಕೆ, ಅಪ್ಪನ ಜೊತೆ ಅಡುಗೆಗೆ ಹೋಗುವವನು. ಆಮೇಲೆ ಅವನ ನಗು ಕೂಡ ಕಾಣಸಿಗುವುದಿಲ್ಲ.

ವನೆಸ್ಸಾಳ ಕೋಳಿ ಸುಕ್ಕ ಮೊದಲ ತುತ್ತಿಗೇ ಪಾಸಾಯಿತು. ಶೆಫ್ ಜಿತೇಶನ ಎಳೆ ಹಲಸಿನ ಗುಜ್ಜೆ ಸಾಂಬಾರಿನ ಮುಂದೆ ನಿಂತು, ರುಚಿ ನೋಡಿದ್ದೀರಾ ಎಂದು ಕೇಳಿದರು.

"ಇಲ್ಲ ಮೇಡಂ. ಅಪ್ಪ ದೇವಸ್ಥಾನದ ಊಟಕ್ಕೆ ಅಡುಗೆ ಮಾಡುವವರು. ಬಡಿಸುವ ಮೊದಲು ಬಾಯಿಗೆ ಇಡಬಾರದು ಅಂತ ಕಲಿಸಿದ್ದಾರೆ. ಉಪ್ಪು ನನಗೆ ಪರಿಮಳದಲ್ಲೇ ಗೊತ್ತಾಗ್ತದೆ."

ಯಾರೂ ರುಚಿ ನೋಡದ ಅಡುಗೆ ನಮ್ಮಲ್ಲಿ ಹೊರಗೆ ಹೋಗುವುದಿಲ್ಲ ಎಂದು ಹೇಳಿ ಶೆಫ್ ಅವನ ಹೆಸರು ಹೊಡೆದುಹಾಕಲು ಪೆನ್ನು ತೆಗೆದರು.

ವನೆಸ್ಸಾಳಿಗೆ ಮೊದಲ ದಿನದ ಚಮಚ ನೆನಪಾಯಿತು. 'ಅಯ್ಯೋ... ಅವನು ಬೇಡ ಎಂದದ್ದು ನನ್ನ ಕೈಯನ್ನಲ್ಲ. ಸ್ವಂತ ಅಡುಗೆಯನ್ನೂ ಅವನು ಬಾಯಿಗೆ ಇಡುವುದಿಲ್ಲ! ಮೂರು ವರ್ಷ ಸುಮ್ಮನೆ ಮುಖ ಊದಿಸಿಕೊಂಡೆನಲ್ಲ...'

ಅವಳು ತನ್ನ ಚಮಚವನ್ನು ಅವನ ಪಾತ್ರೆಗೆ ಅದ್ದಿ ನಾಲಿಗೆಗಿಟ್ಟಳು.

"ಉಪ್ಪು ಸರಿ ಉಂಟು ಮೇಡಂ. ನಾನು ನೋಡಿದೆ."

ಶೆಫ್ ಇಬ್ಬರ ಮುಖವನ್ನೂ ನೋಡಿದರು. ತಾವೂ ಒಂದು ಚಮಚ ಸವಿದು, ಪೆನ್ನನ್ನು ಜೇಬಿಗೆ ಸೇರಿಸಿದರು. ಇಬ್ಬರೂ ಬನ್ನಿ, ಆದರೆ ಒಂದೇ ಒಲೆಗೆ ಎಂದು ಹೇಳಿ ಮುಂದಕ್ಕೆ ಹೋದರು.

ಆ ಸಂಜೆ ಬಸ್ ಸ್ಟಾಪಿನಲ್ಲಿ ಎರಡು ಉಡುಪಿ ಬಸ್ಸು ಬಂದು ಹೋದವು. ಇಬ್ಬರೂ ಹತ್ತಲಿಲ್ಲ. ಅವಳು ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದಳು.

"ಅವತ್ತು ಬಡಿಸಿದ ಮೇಲೆ ನಿಮ್ಮ ಸಾರು ಎರಡು ಸಲ ಹಾಕಿಸಿಕೊಂಡೆ ಮಾರಾಯ್ರೆ. ನೀವು ನೋಡಲೇ ಇಲ್ಲ." ಅವನು ತಲೆ ತಗ್ಗಿಸಿದ. "ಇಷ್ಟ ಅಂತ ಹೇಳುವ ಮೊದಲೇ ಬ್ಯಾಚು ಬದಲಾಯಿಸಿದಿರಿ."

ಅವಳ ಕಣ್ಣು ತುಂಬಿತು.

"ಇನ್ನು ನಿಮ್ಮ ಉಪ್ಪು ನಾನು ನೋಡ್ತೇನೆ."

"ಮುಂಬೈಯಲ್ಲಿಯಾ?" ಎಂದ ಅವನು.

"ಮುಂಬೈಯಲ್ಲಿ... ಮತ್ತೆ ನಮ್ಮ ಮನೆಯಲ್ಲಿ."