ನಾನು ಉಣ್ಣದ ಊಟ

ಪತ್ರಿಕೆಯೊಂದಕ್ಕೆ ಹತ್ತು ವರ್ಷದಿಂದ ಊರಿನ ಒಳ್ಳೆಯ ಹೋಟೆಲುಗಳ ಬಗ್ಗೆ ಅಂಕಣ ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಒಂದು ವಾರ ಮೈಗಳ್ಳತನ ಮಾಡಿದೆ. ಬಸ್ಸಿನಿಂದ ಕಂಡ ಬೋರ್ಡೊಂದರ ಹೆಸರು ಗುರುತು ಹಾಕಿಕೊಂಡು, ಒಳಗೆ ಕಾಲಿಡದೆಯೇ ಹೊಗಳಿ ಬರೆದೆ. ಕಿಟಕಿ ಪಕ್ಕದ ಮೇಜು, ಬಿಸಿ ಸೂಪು, ಬಡಿಸುವಾಗ ಹೆಗಲ ಮೇಲೆ ಕೈಯಿಡುವ ಅಜ್ಜಿ, ಎಲ್ಲವೂ ಕಟ್ಟುಕತೆ.

ಹೋಗಿ ಉಂಡು ಬಂದ ಓದುಗರು ಪತ್ರ ಬರೆದರು. ಎಲ್ಲರೂ ಅಜ್ಜಿಯನ್ನು ಮೆಚ್ಚಿದ್ದರು. ಮೂವರು ಮಾತ್ರ, ಆಕೆಯ ಕೈ ತುಂಬ ತಣ್ಣಗಿತ್ತು ಎಂದಿದ್ದರು. ಅದನ್ನು ನಾನು ಬರೆದಿರಲಿಲ್ಲ. ಆದರೂ ಹೊಗಳಿಕೆಗೆ ಉಬ್ಬಿ ಬಾಯಿ ಮುಚ್ಚಿಕೊಂಡಿದ್ದೆ.

ಆಮೇಲೆ ಅಕ್ಕ ಹೋಗಿ ಬಂದಳು.

"ಸೂಪ್ ಅಂದ್ರೆ ಸೂಪ್ ಕಣೋ! ಅಜ್ಜಿ ನಿನ್ನನ್ನೇ ಕೇಳ್ತಿದ್ರು. ಬರೆದೋರು ಊಟಕ್ಕೆ ಯಾವಾಗ ಬರ್ತಾರೆ, ದಿನಾ ಬಡಿಸಿಟ್ಟು ಕಾಯ್ತಿದ್ದೀನಿ ಅಂದ್ರು."

ಮರುದಿನ ಮಧ್ಯಾಹ್ನ ಓಡಿದೆ. ಬಾಗಿಲಿಗೆ ತುಕ್ಕು ಹಿಡಿದ ಬೀಗ.

"ಅದು ಮುಚ್ಚಿ ಆರು ವರ್ಷ ಆಯ್ತಲ್ಲ ಸಾರ್," ಎಂದ ಎದುರಿನ ಟೈಲರ್.

ಗಾಜಿನ ಧೂಳು ಒರೆಸಿ ಇಣುಕಿದೆ. ಕಿಟಕಿ ಪಕ್ಕದ ಮೇಜಿನ ಮುಂದೆ ಕುರ್ಚಿಯೊಂದನ್ನು ಎಳೆದಿಟ್ಟಿತ್ತು. ಮೇಜಿನ ಮೇಲೆ ಒಂದೇ ಒಂದು ಬಟ್ಟಲು ಹಬೆಯಾಡುತ್ತಿತ್ತು.

ನಾನು ಬರೆದದ್ದು ಸುಳ್ಳೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ, ಅಕ್ಕನಿಗೂ. ಅವಳು ದಿನವೂ ಬಿಸಿನೀರಿನ ಚೀಲವನ್ನು ಎಡಹೆಗಲಿಗೆ ಒತ್ತಿಕೊಂಡು ಕೂರುತ್ತಾಳೆ.

"ಇದೊಂದು ಜಾಗ ಬೆಚ್ಚಗೇ ಆಗ್ತಿಲ್ಲ, ನೋಡೋ," ಎಂದು ನನ್ನ ಕೈ ಹಿಡಿದು ಅಲ್ಲಿಡುತ್ತಾಳೆ. ಆ ತಣ್ಣನೆಯ ಜಾಗ ಸರಿಯಾಗಿ ಒಂದು ಅಂಗೈ, ಐದು ಬೆರಳಿನಷ್ಟಿದೆ.