ಕತ್ತಲ ಕೋಣೆಯಲ್ಲಿ ಮೂರನೆಯವರು

"ನಿಮ್ಮ ಹಿಂದೆ ನಿಂತಿರೋರು ಯಾರು?"

ಕಣ್ಣು ತಪಾಸಣೆಯ ಕತ್ತಲ ಕೋಣೆಯಲ್ಲಿ ಇದ್ದದ್ದು ಇಬ್ಬರೇ. ಕನ್ನಡಕದ ಪವರ್ ಅಳೆಯುವ ಅವಳು, ಆಗಷ್ಟೇ ಬಂದು ಕೂತ ಗಡಿಯಾರ ರಿಪೇರಿಯವನು. ಕೇಳಿದ್ದು ಅವನು.

"ಯಾರೂ ಇಲ್ಲ. ಮುಂದೆ ನೋಡಿ."

ಯಂತ್ರ ಅವನ ಸಿಲಿಂಡರ್ ಪವರನ್ನು, ಅಂದರೆ ಕಣ್ಣಿನ ಓರೆಕೋರೆಯ ಅಳತೆಯನ್ನು, ಮೊದಲು ನಾಲ್ಕು ಅಂದಿತು. ಆಮೇಲೆ ಏಳು. ಮತ್ತೆ ಐದೂವರೆ. ಅಕ್ಷರ ಓದಿಸಿದರೆ ಅವನ ಉತ್ತರವೂ ಸಲಕ್ಕೊಂದು.

"ಬಿಳಿ ಕೋಟು ಹಾಕಿದ್ದಾರೆ," ಎಂದ ಅವನು ಮೆಲ್ಲಗೆ.

ಇದೇ ಕೋಣೆಯಲ್ಲಿ ಬಿಳಿ ಕೋಟು ಹಾಕಿ ಕೆಲಸ ಮಾಡುತ್ತಿದ್ದ ಅವಳ ಗಂಡ ತೀರಿಕೊಂಡು ಎರಡು ವರ್ಷ. 'ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ... ಗಾಯದ ಮೇಲೆ ಬರೆ ಎಳೆಯೋಕೆ.'

"ಎದ್ದು ಹೋಗಿ," ಎಂದಳು. ಫೈಲಿನಲ್ಲಿ 'ಬೇಕಂತಲೇ ಸುಳ್ಳು ಹೇಳುತ್ತಾರೆ' ಎಂದು ಗೀಚಿದಳು.

ಮರುದಿನ ಹಿರಿಯ ಡಾಕ್ಟರಮ್ಮ, ಅವನು ಆಸ್ಪತ್ರೆಯಿಂದ ಹೊರಡುವ ಮುಂಚೆ ತಾವೇ ತೆಗೆಸಿದ್ದ ಅವನ ಕಣ್ಣಿನ ಚಿತ್ರವನ್ನು ಅವಳ ಮುಂದಿಟ್ಟರು. ಕಣ್ಣ ಮೇಲೆ ಬೀಳಿಸಿದ, ದುಂಡಗಿರಬೇಕಾದ ಬೆಳಕಿನ ಬಳೆಗಳು ಕೆಳಕ್ಕೆ ಜೋತುಬಿದ್ದಿದ್ದವು.

"ಕೆರಟೋಕೋನಸ್ ಕಣಮ್ಮ. ಕಣ್ಣಿನ ಮುಂಪದರ ತೆಳುವಾಗಿ ಶಂಕುವಿನ ಹಾಗೆ ಉಬ್ಬಿದೆ. ಒಂದು ಎರಡಾಗಿ ಕಾಣತ್ತೆ, ಅಳತೆ ಸಲಕ್ಕೊಂದು ಬರತ್ತೆ. ಗಟ್ಟಿ ಲೆನ್ಸ್ ಕೂರಿಸಿ ಆಮೇಲೆ ಅಳತೆ ತಗೋ. ಪಾಪ, ಸುಳ್ಳುಗಾರ ಅಲ್ಲ ಅವನು."

ಅವಳು ಹಾಕಿದ್ದೂ ಬಿಳಿ ಕೋಟೇ. ಅವನಿಗೆ ಕಂಡದ್ದು ಅವಳದೇ ಎರಡನೇ ರೂಪ... ಅಷ್ಟೇ ತಾನೇ?

ಅವತ್ತೇ ಅವನ ಅಂಗಡಿ ಹುಡುಕಿಕೊಂಡು ಹೋದಳು. ಗೋಡೆ ತುಂಬ ನಿಂತುಹೋದ ಗಡಿಯಾರಗಳು. ಅವನು ಕಣ್ಣು ಮುಚ್ಚಿ, ಬೆರಳಲ್ಲೇ ತಡಕಾಡುತ್ತ ಸ್ಕ್ರೂ ತಿರುಗಿಸುತ್ತಿದ್ದ.

"ತಪ್ಪು ನನ್ನದೇ. ಇನ್ನೊಂದ್ಸಲ ಬರ್ತೀರಾ?"

"ಅಂಗಡಿ ಮುಚ್ಚಿಬಿಡೋಣ ಅಂತಿದ್ದೆ," ಎಂದ ಅವನು. "ನಂಬೋರು ಒಬ್ಬರಾದ್ರೂ ಸಿಕ್ಕಿದ್ರಲ್ಲ."

ಲೆನ್ಸ್ ಹೊಂದಲು ಮೂರು ವಾರ ಹಿಡಿಯಿತು. ಅವನು ಬರದ ದಿನ ಅವಳ ಕಿವಿ ಬಾಗಿಲಲ್ಲೇ ಇರುತ್ತಿತ್ತು.

ಕೊನೆಗೊಂದು ಲೆನ್ಸ್ ಸರಿಯಾಗಿ ಕೂತಿತು. ಅದರ ಮೇಲೆ ಅಳೆದಳು. ಉಳಿದ ಸಿಲಿಂಡರ್ ಪವರ್ ಮುಕ್ಕಾಲು. ಮತ್ತೆ ಮುಕ್ಕಾಲು. ಮೂರನೇ ಸಲವೂ ಅಷ್ಟೇ.

"ಅಕ್ಷರ ಒಂದೊಂದೇ ಕಾಣ್ತಿವೆ. ನೀವೂ ಒಬ್ಬರೇ..." ಅವನು ಅವಳ ಭುಜದಾಚೆ ನೋಡಿದ. "ಅವರು ಮಾತ್ರ ಇನ್ನೂ ಇದ್ದಾರೆ. ಎಡ ಹುಬ್ಬಿನ ಮೇಲೆ ಹಳೇ ಗಾಯದ ಗುರುತು."

ಎಷ್ಟೋ ಸಲ ಅವಳು ಬೆರಳಾಡಿಸಿದ್ದ ಗುರುತು ಅದು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಕೋಪದಲ್ಲಿದ್ದಾರಾ?"

"ಇಲ್ಲ. ನಿಮ್ಮನ್ನೇ ನೋಡಿ ನಗ್ತಿದ್ದಾರೆ... ಈಗ ಹೊರಟರು."

ಬಾಗಿಲು ತಾನಾಗಿ ತೆರೆದು, ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವಳು ತುಂಬ ಹೊತ್ತು ಅತ್ತಳು. ಅವನು ಅವಳ ಕೈ ಹಿಡಿದು ಕೂತ.

"ಮತ್ತೆ ಯಾವಾಗ ಬರಲಿ?" ಕೊನೆಗೆ ಕೇಳಿದ.

"ಲೆನ್ಸ್ ತೋರಿಸೋಕೆ... ಆರು ತಿಂಗಳು ಬಿಟ್ಟು."

"ನಿಮ್ಮನ್ನ ನೋಡೋಕೆ?"

ಅವಳು ಕಣ್ಣೊರೆಸಿಕೊಂಡಳು.

"ನಾಳೆ."